ಮೂವತ್ತು ಸೆಕೆಂಡಿನ ದಾಳಿ, ಆಮೇಲಿನ ಬಿಡುವು

(ಮೆಲ್ಬರ್ನಿನ ಪಶ್ಚಿಮ ಬಡಾವಣೆಗಳ ಕನ್ನಡ ಕೇಳುಗರಿಗಾಗಿ ಮಾಡಿದ ಬಾನುಲಿ ಭಾಷಣದ ಬರಹರೂಪ)



ಕಬಡ್ಡಿ ನೋಡಿ ಬೆಳೆದವರಿಗೆ 30 ಸೆಕೆಂಡು ಎಂದರೆ ಎಷ್ಟು ಹೊತ್ತು ಎಂದು ಹೇಳಿಕೊಡಬೇಕಾಗಿಲ್ಲ. ದಾಳಿಗೆ ಹೋದವನು ಎದುರಾಳಿಯ ಅಂಗಳಕ್ಕೆ ನುಗ್ಗಿ, ಬಾಗಿ, ಕಾಲು ಚಾಚಿ, ಹಿಡಿತದಿಂದ ನುಣುಚಿಕೊಂಡು ನಡುಗೆರೆ ಮುಟ್ಟಲು ಸಿಗುವ ಕಾಲ ಅಷ್ಟೇ. ಅಂಕ ತಂದರೂ ತಾರದಿದ್ದರೂ ಅವನ ಎದೆ ಏರಿಳಿಯುತ್ತಿರುತ್ತದೆ. ಉಸಿರು ಹದಕ್ಕೆ ಬರುವ ಮೊದಲೇ ಮತ್ತೆ ಅವನ ಸರದಿ. 2024ರ ಡಿಸೆಂಬರ್ 28ರಂದು ಪ್ರೊ ಕಬಡ್ಡಿಯ ಹಳೆಯ ಹುಲಿಗಳು ಮೆಲ್ಬರ್ನಿನ ಜಾನ್ ಕೇನ್ ಅರೇನಾದಲ್ಲಿ ಆಡಿದರು. ಆ ಆಟ ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಒಬ್ಬನೇ ಆಟಗಾರ ಬೆನ್ನುಬೆನ್ನಿಗೆ ದಾಳಿಗೆ ಹೋದಾಗ ಮೊದಲನೆಯದರ ಚುರುಕು ಮೂರನೆಯದರಲ್ಲಿ ಇರುವುದಿಲ್ಲ. ಅವನೇ ವಿರಾಮದ ನಂತರ ಅಂಗಳಕ್ಕೆ ಇಳಿದರೆ ಹೊಸಬನಂತೆ ಚಿಮ್ಮುತ್ತಾನೆ.

ಈ ನಡುವೆ ಅವನ ತೊಡೆಯ ಸ್ನಾಯುವಿನೊಳಗೆ ಏನು ನಡೆಯಿತು? ಇಂದಿನ ನನ್ನ ಮಾತು ಇದರ ಬಗ್ಗೆ. ಈ ಪ್ರಶ್ನೆಗೆ ಒಳ್ಳೆಯ ಉತ್ತರಗಳಲ್ಲಿ ಹಲವು ನಮ್ಮ ಮನೆಗಳ ಹತ್ತಿರದಲ್ಲೇ ಹುಟ್ಟಿವೆ. ವೆರಿಬೀಯಿಂದ ಸಿಟಿಗೆ ಹೊರಟ ರೈಲು ಫುಟ್ಸ್‌ಕ್ರೇಯಲ್ಲಿ ನಿಲ್ಲುತ್ತದೆಯಲ್ಲ, ಅಲ್ಲಿ ಮಾರಿಬರ್ನಾಂಗ್ ನದಿಯ ಬದಿಯಲ್ಲಿ ವಿಕ್ಟೋರಿಯಾ ವಿಶ್ವವಿದ್ಯಾಲಯದ ಆವರಣವಿದೆ. ಅದೇ ವಿಶ್ವವಿದ್ಯಾಲಯದ ಇನ್ನೊಂದು ಆವರಣ ನಮ್ಮ ವೆರಿಬೀಯ ಹಾಪರ್ಸ್ ಲೇನಿನಲ್ಲೂ ಇದೆ. ದಿನಾ ಆ ದಾರಿಯಲ್ಲಿ ಹೋಗಿ ಬರುವ ನಮ್ಮಲ್ಲಿ ಎಷ್ಟೋ ಜನರಿಗೆ, ದಣಿವು ಮತ್ತು ಚೇತರಿಕೆಯ ಅಧ್ಯಯನದಲ್ಲಿ ಫುಟ್ಸ್‌ಕ್ರೇ ಜಗತ್ತಿಗೇ ಗೊತ್ತಿರುವ ಹೆಸರು ಎಂಬುದು ತಿಳಿದಿಲ್ಲ. ನನಗೆ ಇದು ಹೆಮ್ಮೆಯ ವಿಷಯ. ಇದು ನಮ್ಮ ಊರಿನ ವಿದ್ಯೆ.

1998ರಲ್ಲಿ ಮಾರ್ಕ್ ಹಾರ್‌ಗ್ರೀವ್ಸ್, ಫುಟ್ಸ್‌ಕ್ರೇಯ ಮೈಕೆಲ್ ಮೆಕೆನ್ನಾ ಮತ್ತು ಅವರ ಜೊತೆಗಾರರು ಪ್ರಕಟಿಸಿದ ಒಂದು ಪ್ರಯೋಗದಿಂದ ಶುರುಮಾಡುತ್ತೇನೆ. ಆರು ಜನ ಗಂಡಸರು ವ್ಯಾಯಾಮದ ಸೈಕಲ್ ಮೇಲೆ ಕುಳಿತು 30 ಸೆಕೆಂಡು ಕಾಲ ಮೈಯಲ್ಲಿರುವ ಶಕ್ತಿಯನ್ನೆಲ್ಲ ಹಾಕಿ ತುಳಿದರು. 4 ನಿಮಿಷ ಸುಮ್ಮನೆ ಕುಳಿತರು. ಮತ್ತೆ 30 ಸೆಕೆಂಡು, ಮತ್ತೆ 4 ನಿಮಿಷ, ಆಮೇಲೆ ಮೂರನೆಯ ಸಲ. ಅದಾದ ಮೇಲೆ ಸ್ವಲ್ಪ ವಿಶ್ರಾಂತಿ, ಅರ್ಧ ಗಂಟೆ ತೀರಾ ಹಗುರವಾದ ತುಳಿತ, ಕೊನೆಗೆ ಒಂದು ಗಂಟೆ ಪೂರ್ತಿ ವಿಶ್ರಾಂತಿ. ಆಮೇಲೆ ನಾಲ್ಕನೆಯ ಸಲ. ಮಧ್ಯೆ ಮಧ್ಯೆ ಅವರ ತೊಡೆಗೆ ಮರಗಟ್ಟುವ ಮದ್ದು ಕೊಟ್ಟು, ಸೂಜಿಯಿಂದ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದರು. ಈ ಬಗೆಯ ಸೂಜಿಯನ್ನು ಮನುಷ್ಯರ ಸ್ನಾಯು ಪರೀಕ್ಷೆಗೆ ಬಳಕೆಗೆ ತಂದವರು ಸ್ವೀಡನ್ನಿನ ಯೋನಾಸ್ ಬೆರ್ಗ್‌ಸ್ಟ್ರೋಮ್. ಅದು 1960ರ ದಶಕದ ಮಾತು. ಅಲ್ಲಿಯವರೆಗೆ ದಣಿವಿನ ಬಗ್ಗೆ ನಮಗೆ ತಿಳಿದದ್ದರಲ್ಲಿ ಎಷ್ಟೋ ಕಪ್ಪೆಯ ಕಾಲಿನಿಂದ ಕಲಿತದ್ದು.

ಸೈಕಲ್ಲಿನಲ್ಲಿ ಕಂಡ ಲೆಕ್ಕ ಹೀಗಿತ್ತು. ಮೊದಲ ಸುತ್ತಿನಲ್ಲಿ ಅವರ ಗರಿಷ್ಠ ಬಲದ ಸರಾಸರಿ 1,168 ವಾಟ್. ಮೂರನೆಯ ಸುತ್ತಿಗೆ ಅದು 765 ವಾಟ್‌ಗೆ ಇಳಿಯಿತು. ಮೂರರಲ್ಲಿ ಒಂದು ಪಾಲು ಮಾಯ. ದೀರ್ಘ ವಿಶ್ರಾಂತಿಯ ನಂತರದ ನಾಲ್ಕನೆಯ ಸುತ್ತಿನಲ್ಲಿ ಮತ್ತೆ 1,094 ವಾಟ್. ಎಂದರೆ ಹೆಚ್ಚುಕಡಿಮೆ ಮೊದಲಿನಷ್ಟೇ.

ಇಷ್ಟು ಯಾರೂ ಊಹಿಸಬಹುದಾದದ್ದೇ. ಆದರೆ ಸ್ನಾಯುವಿನ ಚೂರುಗಳು ಹೇಳಿದ ಕಥೆ ಬೇರೆಯಾಗಿತ್ತು. ಸ್ನಾಯುವಿನಲ್ಲಿ ಸಕ್ಕರೆಯನ್ನು ಗ್ಲೈಕೊಜೆನ್ ಎಂಬ ರೂಪದಲ್ಲಿ ದೇಹ ಕೂಡಿಟ್ಟಿರುತ್ತದೆ. ನಾಲ್ಕನೆಯ ಸುತ್ತಿಗೆ ಮುಂಚೆ ನೋಡಿದಾಗ ಆ ಗ್ಲೈಕೊಜೆನ್ ಇನ್ನೂ ತುಂಬಿರಲಿಲ್ಲ. ಶಕ್ತಿಯ ಮೂಲ ಅಣುವಾದ ಎಟಿಪಿ ಕೂಡ ಮೊದಲಿಗಿಂತ ಕಡಿಮೆಯೇ ಇತ್ತು. ಆದರೂ ಅವರು ಮೊದಲಿನ ಬಲದಲ್ಲೇ ತುಳಿದರು! ಹಾಗಾದರೆ ಮೂರನೆಯ ಸುತ್ತಿನಲ್ಲಿ ಕಾಲು ಸೋತದ್ದು ಗ್ಲೈಕೊಜೆನ್ ಖಾಲಿಯಾಗಿ ಅಲ್ಲ. ಸೋತಾಗ ಅಲ್ಲಿ ಕಂಡದ್ದು ಬೇರೆ: ಎಟಿಪಿಯನ್ನು ಬೇಗ ಮತ್ತೆ ಕಟ್ಟಲು ನೆರವಾಗುವ ಕ್ರಿಯಾಟಿನ್ ಫಾಸ್ಫೇಟ್ ಕುಸಿದಿತ್ತು, ಸ್ನಾಯುವಿನ ಆಮ್ಲತೆ ಏರಿತ್ತು, ಕುಗ್ಗಿದ ಸ್ನಾಯು ಸಡಿಲವಾಗಲು ಕ್ಯಾಲ್ಸಿಯಂ ಅನ್ನು ಒಳಗೆಳೆದುಕೊಳ್ಳುವ ವ್ಯವಸ್ಥೆ ನಿಧಾನಗೊಂಡಿತ್ತು. ಒಂದು ಗಂಟೆಗೂ ಹೆಚ್ಚಿನ ಬಿಡುವಿನಲ್ಲಿ ಈ ಮೂರೂ ಸರಿಹೋಗಿದ್ದವು. ಕ್ರಿಯಾಟಿನ್ ಫಾಸ್ಫೇಟ್ ಅಂತೂ ಮೊದಲಿದ್ದ ಮಟ್ಟವನ್ನೂ ದಾಟಿತ್ತು.

ಬರಿದಾಗುವುದು ಬೇರೆ, ದಣಿಯುವುದು ಬೇರೆ. ಈ ಪ್ರಯೋಗ ನನಗೆ ಕಲಿಸಿದ್ದು ಇದನ್ನು. ಇಂದಿನ ಮಾತಿನ ಉಳಿದದ್ದೆಲ್ಲ ಇದರ ಸುತ್ತಲೇ ಇದೆ.

ಈಗ ಒಳಗಿನ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸ್ನಾಯು ಕುಗ್ಗಬೇಕಾದರೆ ಎಟಿಪಿ ಒಡೆಯಬೇಕು. ಪೂರ್ತಿ ಬಲ ಹಾಕಿ ಓಡುವಾಗ ಸ್ನಾಯುವಿನಲ್ಲಿರುವ ಎಟಿಪಿ ಎರಡು ಮೂರು ಸೆಕೆಂಡಿಗಷ್ಟೇ ಸಾಕು. ಹಾಗಾಗಿ ಒಡೆದದ್ದನ್ನು ಆ ಕ್ಷಣವೇ ಮತ್ತೆ ಕಟ್ಟಬೇಕು. ಮೊದಲು ನೆರವಿಗೆ ಬರುವುದು ಕ್ರಿಯಾಟಿನ್ ಫಾಸ್ಫೇಟ್. ಇದು ನೆರೆಮನೆಯವರು ಕೊಡುವ ಕೈಗಡದ ಹಾಗೆ. ಕೇಳಿದ ತಕ್ಷಣ ಸಿಗುತ್ತದೆ, ಕಾಗದಪತ್ರದ ಗೊಡವೆ ಇಲ್ಲ. ಆದರೆ ಮೊತ್ತ ಚಿಕ್ಕದು, ಹಿಂದಿನದನ್ನು ತೀರಿಸದೆ ಮತ್ತೆ ಕೈಚಾಚುವಂತಿಲ್ಲ. ತೀರಿಸುವುದಕ್ಕೆ ಆಮ್ಲಜನಕ ಬೇಕು. ದಾಳಿ ಮುಗಿಸಿ ಬಂದವನು ನಿಂತಲ್ಲೇ ಏದುಸಿರು ಬಿಡುವುದಕ್ಕೆ ಇದೂ ಒಂದು ಕಾರಣ. 30 ಸೆಕೆಂಡಿನ ಪೂರ್ಣ ಬಲದ ಓಟದ ನಂತರ ಸುಮಾರು ಒಂದು ನಿಮಿಷದಲ್ಲಿ ಅದರ ಅರ್ಧದಷ್ಟು ಮರಳುತ್ತದೆ. ಉಳಿದರ್ಧ ಮಾತ್ರ ಅಷ್ಟು ಬೇಗ ಬರುವುದಿಲ್ಲ, ಐದಾರು ನಿಮಿಷದ ನಂತರವೂ ಒಂದಿಷ್ಟು ಬಾಕಿ ಇರುತ್ತದೆ.

ಎರಡನೆಯ ದಾರಿ ಗ್ಲೈಕೊಜೆನ್ನನ್ನು ಆಮ್ಲಜನಕವಿಲ್ಲದೆ ಒಡೆಯುವುದು. ಮೊದಲ ಓಟದಲ್ಲಿ ಈ ದಾರಿ ಜೋರಾಗಿ ತೆರೆದುಕೊಳ್ಳುತ್ತದೆ. ಓಟ ಮರುಕಳಿಸಿದಂತೆಲ್ಲ ಮುಚ್ಚಿಕೊಳ್ಳುತ್ತ ಹೋಗುತ್ತದೆ. ಇಂಗ್ಲೆಂಡಿನ ಲಫ್‌ಬರೋದಲ್ಲಿ 1993ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸೈಕಲ್ ಮೇಲೆ 6 ಸೆಕೆಂಡಿನ 10 ಬಿರುಸಿನ ಓಟಗಳನ್ನು 30 ಸೆಕೆಂಡಿನ ಬಿಡುವು ಕೊಟ್ಟು ಮಾಡಿಸಿದರು. ಮೊದಲ ಓಟದಲ್ಲಿ ಆಮ್ಲಜನಕವಿಲ್ಲದೆ ಹುಟ್ಟಿದ ಶಕ್ತಿಯ ಶೇಕಡ 44ರಷ್ಟು ಈ ದಾರಿಯಿಂದ ಬಂದಿತ್ತು. ಹತ್ತನೆಯದರಲ್ಲಿ ಶೇಕಡ 16. ಆದರೂ ಹತ್ತನೆಯ ಓಟದ ಬಲ ಮೊದಲನೆಯದರ ಶೇಕಡ 73ರಷ್ಟು ಉಳಿದಿತ್ತು. ಆ ಕೊರತೆಯನ್ನು ಮುಖ್ಯವಾಗಿ ತುಂಬಿದ್ದು ಕ್ರಿಯಾಟಿನ್ ಫಾಸ್ಫೇಟ್ ಮತ್ತು ಆಮ್ಲಜನಕ ಬಳಸಿ ನಡೆಯುವ ನಿಧಾನದ ದಾರಿ. ಉಸಿರು ಗಟ್ಟಿಯಿರುವವನು ಕೊನೆಯ ಹತ್ತು ನಿಮಿಷದ ಕಬಡ್ಡಿಯಲ್ಲಿ ಏಕೆ ಮೆರೆಯುತ್ತಾನೆ ಎಂಬುದಕ್ಕೆ ಇದರಲ್ಲೇ ಉತ್ತರವಿದೆ. ದಾಳಿಯ ಬಲ ಬೇರೆ, ದಾಳಿಗಳ ನಡುವೆ ಚೇತರಿಸಿಕೊಳ್ಳುವ ಬಲ ಬೇರೆ, ಎರಡನ್ನೂ ಬೇರೆಬೇರೆಯಾಗಿ ಬೆಳೆಸಬೇಕು.

ಇಲ್ಲಿ ಒಂದು ಹಳೆಯ ಅಪವಾದವನ್ನು ತೊಡೆಯಬೇಕು. ಜಿಮ್ಮಿನಲ್ಲಿ, ಕ್ರಿಕೆಟ್ ಮೈದಾನದಲ್ಲಿ, ಮನೆಯ ಹಜಾರದಲ್ಲಿ ನಾವೆಲ್ಲ ಆಡುವ ಮಾತು: ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡು ಕಾಲು ನೋಯುತ್ತಿದೆ. ಸ್ನಾಯುವಿನ ಶಾಖ ಮತ್ತು ಲ್ಯಾಕ್ಟಿಕ್ ಆಮ್ಲದ ಅಧ್ಯಯನಗಳಿಗಾಗಿ ಆರ್ಚಿಬಾಲ್ಡ್ ಹಿಲ್ ಮತ್ತು ಒಟ್ಟೊ ಮೇಯರ್‌ಹೋಫ್ ಅವರಿಗೆ 1922ರ ನೊಬೆಲ್ ಬಂತು. ಅಂದಿನಿಂದ ಲ್ಯಾಕ್ಟೇಟ್ ಒಂದು ಕಸ ಎಂಬ ಭಾವನೆ ಜನರಲ್ಲಿ ಬೇರೂರಿತು. ಅದು ಕಸವಲ್ಲ, ಆಹಾರ. ಒಂದು ಸ್ನಾಯುವಿನಲ್ಲಿ ಹುಟ್ಟಿದ ಲ್ಯಾಕ್ಟೇಟನ್ನು ಪಕ್ಕದ ಸ್ನಾಯು ಉರಿಸಿಕೊಳ್ಳುತ್ತದೆ, ಹೃದಯ ಉರಿಸಿಕೊಳ್ಳುತ್ತದೆ, ಯಕೃತ್ತು ಅದನ್ನು ಮತ್ತೆ ಸಕ್ಕರೆಯಾಗಿಸಿ ರಕ್ತಕ್ಕೆ ಬಿಡುತ್ತದೆ. ಓಟ ನಿಂತು ಒಂದೂವರೆ ಗಂಟೆಯೊಳಗೆ ರಕ್ತದ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಹಾಗಿರುವಾಗ ಭಾನುವಾರ ಆಡಿದ ಆಟಕ್ಕೆ ಮಂಗಳವಾರ ಮೆಟ್ಟಿಲಿಳಿಯುವಾಗ ತೊಡೆ ಹಿಡಿದುಕೊಂಡರೆ ಲ್ಯಾಕ್ಟೇಟಿನ ಮೇಲೆ ದೂರು ಹಾಕುವುದು ಸರಿಯಲ್ಲ. ಆ ನೋವು ಬರುವುದು ಸ್ನಾಯು ಹಿಗ್ಗುತ್ತಲೇ ಭಾರ ತಡೆದಾಗ, ಅಂದರೆ ಇಳಿಜಾರಿನಲ್ಲಿ ಓಡಿದಾಗ, ಬಸ್ಕಿ ಹೊಡೆಯುತ್ತ ಕೆಳಗಿಳಿದಾಗ, ನೆಗೆದು ನೆಲಕ್ಕೆ ಕಾಲೂರಿದಾಗ. ಎಳೆಗಳಲ್ಲಿ ಸಣ್ಣ ಸಣ್ಣ ಬಿರುಕುಗಳಾಗಿ ಅವನ್ನು ದೇಹ ದುರಸ್ತಿ ಮಾಡುವಾಗ ಉರಿಯೂತ, ನೋವು. ಒಂದು ದಿನದ ನಂತರ ಹೆಚ್ಚಾಗಿ, ಮೂರ್ನಾಲ್ಕು ದಿನದಲ್ಲಿ ಇಳಿಯುತ್ತದೆ. ಅದೇ ಕೆಲಸವನ್ನು ಎರಡು ವಾರ ಬಿಟ್ಟು ಮಾಡಿದರೆ ಅಷ್ಟು ನೋವಾಗುವುದಿಲ್ಲ, ಸ್ನಾಯು ಅಷ್ಟರಲ್ಲಿ ಪಾಠ ಕಲಿತಿರುತ್ತದೆ.

ಇನ್ನು ಪೊಟ್ಯಾಸಿಯಂ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುವ ಆಸೆ ನನಗೆ, ಏಕೆಂದರೆ ಫುಟ್ಸ್‌ಕ್ರೇಯ ಮೆಕೆನ್ನಾ ಅವರು ತಮ್ಮ ವೃತ್ತಿಯ ಬಹುಭಾಗವನ್ನು ಇದಕ್ಕೇ ಮುಡಿಪಾಗಿಟ್ಟವರು. ಸ್ನಾಯುವಿನ ಎಳೆ ಒಂದೊಂದು ಸಲ ಕುಗ್ಗುವಾಗಲೂ ಒಳಗಿನ ಪೊಟ್ಯಾಸಿಯಂ ಹೊರಗೆ ಬರುತ್ತದೆ, ಹೊರಗಿನ ಸೋಡಿಯಂ ಒಳಗೆ ಹೋಗುತ್ತದೆ. ಎಳೆಯ ಪೊರೆಯಲ್ಲಿರುವ ಪಂಪುಗಳು ಅವನ್ನು ಮತ್ತೆ ಸ್ವಸ್ಥಾನಕ್ಕೆ ಕಳಿಸಬೇಕು. ಎಳೆಗಳು ಬಿಡುವಿಲ್ಲದೆ ಕುಗ್ಗುವಾಗ ಪಂಪುಗಳಿಗೆ ಪೂರೈಸುವುದಿಲ್ಲ. ವಿಶ್ರಾಂತಿಯಲ್ಲಿ ನಮ್ಮ ರಕ್ತದ ಪೊಟ್ಯಾಸಿಯಂ ಲೀಟರಿಗೆ 3.5ರಿಂದ 5 ಮಿಲಿಮೋಲ್ ನಡುವೆ ಇರುತ್ತದೆ. ಪೂರ್ಣ ಬಲದ ಓಟದ ತುದಿಯಲ್ಲಿ ಅದು 8ರ ಆಸುಪಾಸಿಗೂ ಏರಬಲ್ಲದು. ಆಸ್ಪತ್ರೆಯಲ್ಲಿ ಮಲಗಿರುವ ರೋಗಿಯ ರಕ್ತದಲ್ಲಿ ಈ ಅಂಕಿ ಕಂಡರೆ ವೈದ್ಯರು ಓಡಿ ಬರುತ್ತಾರೆ. ಓಟಗಾರನಲ್ಲಿ ಅದು ಕೆಲವೇ ನಿಮಿಷಗಳಲ್ಲಿ ಇಳಿದು, ಮೊದಲಿಗಿಂತಲೂ ಕೆಳಗೆ ಹೋಗಿ, ಆಮೇಲೆ ಸರಿಹೋಗುತ್ತದೆ. ಎಳೆಯ ಹೊರಗೆ ಪೊಟ್ಯಾಸಿಯಂ ಕೂಡಿಕೊಂಡಾಗ ನರದ ಆಜ್ಞೆ ಎಳೆಯೊಳಗೆ ಸರಿಯಾಗಿ ಹರಡುವುದಿಲ್ಲ. ಮನಸ್ಸು ಓಡು ಎನ್ನುತ್ತದೆ, ಕಾಲು ಕೇಳುವುದಿಲ್ಲ.

1993ರಲ್ಲಿ ಮೆಕೆನ್ನಾ ಮತ್ತು ಜೊತೆಗಾರರು ಕೆಲವು ಯುವಕರಿಗೆ 7 ವಾರ ಸೈಕಲ್ ಮೇಲೆ ಇಂಥ ಬಿರುಸಿನ ತರಬೇತಿ ಕೊಟ್ಟು ನೋಡಿದರು. ಅವರ ಸ್ನಾಯುವಿನಲ್ಲಿ ಈ ಪಂಪುಗಳ ಸಾಂದ್ರತೆ ಶೇಕಡ 16ರಷ್ಟು ಹೆಚ್ಚಿತ್ತು. ಇದೊಂದು ಸಣ್ಣ ಅಂಕಿಯಂತೆ ಕಾಣಬಹುದು. ಆದರೆ ಇದರ ಅರ್ಥ ದೊಡ್ಡದು. ಪಂಪು ಒಂದು ಪ್ರೋಟೀನು. ಅದನ್ನು ಹೊಸದಾಗಿ ಕಟ್ಟಿ ಪೊರೆಯಲ್ಲಿ ಕೂರಿಸಬೇಕು. ಆ ಕೆಲಸಕ್ಕೆ ಕರೆ ಹೋಗುವುದು 30 ಸೆಕೆಂಡಿನ ತುಳಿತದಲ್ಲಿ, ಕೆಲಸ ಸಾಗುವುದು ಆಮೇಲಿನ ಗಂಟೆಗಳಲ್ಲಿ, ಊಟ ಮಾಡಿ ಮಲಗಿದಾಗ. ಸ್ನಾಯುವಿನಲ್ಲಿ ಆಮ್ಲಜನಕ ಬಳಸಿ ಎಟಿಪಿ ಕಟ್ಟುವ ಮೈಟೊಕಾಂಡ್ರಿಯಗಳ ವಿಷಯವೂ ಹೀಗೇ.

ಹಾಗಾದರೆ ಬಿರುಸು ಎಷ್ಟಿರಬೇಕು? ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲೇ ಚೆಸಾರೆ ಗ್ರನಾಟಾ, ಡೇವಿಡ್ ಬಿಷಪ್ ಮತ್ತು ಇತರರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ಗಂಡಸರು 20 ದಿನ ದಿನಕ್ಕೆ ಎರಡು ಬಾರಿ ಬಿರುಸಿನ ವ್ಯಾಯಾಮ ಮಾಡಿದರು. ಮೈಟೊಕಾಂಡ್ರಿಯಗಳ ಸಾಮರ್ಥ್ಯ ಗಣನೀಯವಾಗಿ ಏರಿತು. ಆಮೇಲೆ ಎರಡು ವಾರ ವ್ಯಾಯಾಮ ಇಳಿಸಿದಾಗ ಗಳಿಕೆಯೂ ಬೇಗನೆ ಕರಗಿತು. 2021ರಲ್ಲಿ ಸ್ಟಾಕ್‌ಹೋಮ್‌ನಿಂದ ಬಂದ ಅಧ್ಯಯನ ಇನ್ನೊಂದು ಮುಖ ತೋರಿಸಿತು. ಅಲ್ಲಿ 11 ಜನರ ಬಿರುಸಿನ ವ್ಯಾಯಾಮವನ್ನು ವಾರದಿಂದ ವಾರಕ್ಕೆ ಏರಿಸುತ್ತ ಹೋದರು. ಮೂರನೆಯ ವಾರ ಅದು ಎರಡೂವರೆ ಗಂಟೆ ದಾಟಿತು. ಆಗ ಮೈಟೊಕಾಂಡ್ರಿಯಗಳ ಕೆಲಸ ಕುಸಿಯಿತು, ಸಕ್ಕರೆಯನ್ನು ನಿಭಾಯಿಸುವ ದೇಹದ ಶಕ್ತಿಯೂ ಕುಗ್ಗಿತು. ವ್ಯಾಯಾಮ ಇಳಿಸಿದ ವಾರ ಮತ್ತೆ ಒಂದಿಷ್ಟು ಚೇತರಿಕೆ ಕಂಡಿತು. ಇವೆರಡನ್ನೂ ಎದುರಿಗಿಟ್ಟುಕೊಂಡು ನಾನು ಹೇಳುವುದು ಇಷ್ಟು: ದೇಹ ಬಹಳ ಹೊರೆ ತಾಳಬಲ್ಲದು, ಆದರೆ ಎಲ್ಲರ ದೇಹಕ್ಕೂ ಒಂದು ದಡವಿದೆ. ಪ್ರಯೋಗಶಾಲೆಯವರು ಪ್ರತಿ ದಿನ ಅಳೆಯುತ್ತಿರುತ್ತಾರೆ, ನಮ್ಮ ಮನೆಯಲ್ಲಿ ಹಾಗೆ ಅಳೆಯುವವರಿಲ್ಲ. ಕಚೇರಿ, ಮಕ್ಕಳು, ಮನೆಸಾಲದ ಚಿಂತೆ ಹೊತ್ತವರು ವಾರಕ್ಕೆ ಎರಡು ಅಥವಾ ಮೂರು ದಿನ ಬಿರುಸಾಗಿ ಮಾಡಿ, ಎರಡರ ನಡುವೆ ಕನಿಷ್ಠ ಒಂದು ದಿನ ಬಿಡುವುದು ಒಳಿತು. ಸಿಡ್ನಿಯಲ್ಲಿ ಹುಟ್ಟಿ ಊರೂರಿಗೂ ಹಬ್ಬಿರುವ ಎಫ್45 ತರಗತಿಗಳಿರಲಿ, ಶನಿವಾರದ ಫುಟ್ಸಾಲ್ ಇರಲಿ, ವೆರಿಬೀ ನದಿಯ ದಂಡೆಯ ಓಟವಿರಲಿ, ಈ ಲೆಕ್ಕ ಎಲ್ಲಕ್ಕೂ ಹೊಂದುತ್ತದೆ.

ಬಿಡುವಿಗೆ ಇಷ್ಟು ಬೆಲೆ ಇದೆ ಎಂದು ಗೊತ್ತಾದ ಕೂಡಲೆ ಅದನ್ನು ಮಾರುವವರೂ ಹುಟ್ಟಿಕೊಂಡಿದ್ದಾರೆ. ಮಂಜಿನ ನೀರಿನ ತೊಟ್ಟಿ, ಕಾಲಿಗೆ ಕಟ್ಟುವ ಗಾಳಿಚೀಲ, ಬಣ್ಣಬಣ್ಣದ ಪುಡಿಗಳು. ಮಂಜಿನ ನೀರಿನ ಬಗ್ಗೆ ಫುಟ್ಸ್‌ಕ್ರೇಯಲ್ಲಿ ಜೇಮ್ಸ್ ಬ್ರೋಚ್, ಆರನ್ ಪೀಟರ್ಸನ್ ಮತ್ತು ಡೇವಿಡ್ ಬಿಷಪ್ ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ. 2014ರಲ್ಲಿ ಪ್ರಕಟವಾದದ್ದು. 30 ಗಂಡಸರು 30 ಸೆಕೆಂಡಿನ ನಾಲ್ಕು ಬಿರುಸಿನ ಓಟಗಳನ್ನು ಸೈಕಲ್ ಮೇಲೆ ಮುಗಿಸಿದರು. ಆಮೇಲೆ ಒಂದು ಗುಂಪು 15 ನಿಮಿಷ ಸುಮಾರು 10 ಡಿಗ್ರಿಯ ತಣ್ಣೀರಿನಲ್ಲಿ ಕುಳಿತಿತು. ಇನ್ನೊಂದು ಗುಂಪು ಮೈಬಿಸಿಗೆ ಹತ್ತಿರದ ಉಗುರುಬೆಚ್ಚಗಿನ ನೀರಿನಲ್ಲಿ. ಮೂರನೆಯ ಗುಂಪಿಗೂ ಅದೇ ಉಗುರುಬೆಚ್ಚಗಿನ ನೀರು, ಆದರೆ ಅವರ ಕಣ್ಣೆದುರೇ ಅದಕ್ಕೊಂದು ದ್ರವ ಸುರಿದು, ಇದು ಚೇತರಿಕೆಗೆಂದೇ ತಯಾರಾದ ವಿಶೇಷ ತೈಲ ಎಂದು ಹೇಳಿದರು. ಅದು ಮೈ ತೊಳೆಯುವ ಸಾಮಾನ್ಯ ದ್ರವ. ಎರಡು ದಿನಗಳವರೆಗೆ ಕಾಲಿನ ಬಲ ಅಳೆದು ನೋಡಿದಾಗ, ಬರಿಯ ಬೆಚ್ಚನೆಯ ನೀರಿನಲ್ಲಿ ಕುಳಿತವರಿಗಿಂತ ತಣ್ಣೀರಿನವರು ಚೆನ್ನಾಗಿ ಚೇತರಿಸಿಕೊಂಡಿದ್ದರು. ತೈಲವೆಂದು ನಂಬಿದವರೂ ತಣ್ಣೀರಿನವರಷ್ಟೇ ಚೆನ್ನಾಗಿ ಚೇತರಿಸಿಕೊಂಡಿದ್ದರು!

ಇದರಿಂದ ತಣ್ಣೀರು ಸುಳ್ಳು ಎಂದಾಗುವುದಿಲ್ಲ. ನಂಬಿಕೆಗೂ ಅಷ್ಟೇ ಬಲವಿದೆ ಎಂದಾಗುತ್ತದೆ. ಊರಿನಲ್ಲಿ ಆಟ ಮುಗಿಸಿ ಬಂದ ಮೊಮ್ಮಗನ ಕಾಲಿಗೆ ಅಜ್ಜಿ ಕೊಬ್ಬರಿಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುತ್ತಿದ್ದಳಲ್ಲ, ಅದರಿಂದ ಹಾಯೆನಿಸಿದರೆ ನಾಚಿಕೆ ಬೇಡ, ಮಾಡಿ. ಆದರೆ ಸ್ನಾಯು ಬೆಳೆಸಲೆಂದೇ ಭಾರ ಎತ್ತುವವರು ಒಂದು ಎಚ್ಚರ ವಹಿಸಬೇಕು. ಬ್ರಿಸ್ಬೇನ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ 12 ವಾರಗಳ ಅಧ್ಯಯನದಲ್ಲಿ, ಪ್ರತಿ ಸಲ ಭಾರ ಎತ್ತಿದ ಮೇಲೆ ತಣ್ಣೀರಿನಲ್ಲಿ ಕುಳಿತವರ ಸ್ನಾಯುಗಳು ಹಗುರವಾಗಿ ಸೈಕಲ್ ತುಳಿದವರ ಸ್ನಾಯುಗಳಷ್ಟು ಬೆಳೆಯಲಿಲ್ಲ. ತಣ್ಣೀರಿನಿಂದ ಕಟ್ಟುವ ಕೆಲಸಕ್ಕೆ ಹೋಗಬೇಕಾದ ಕರೆಯೂ ಕುಗ್ಗುತ್ತದೆ.

ಚೇತರಿಕೆಗೆ ದುಡ್ಡು ಬೇಡದ ಮದ್ದು ನಿದ್ದೆ. ನಮ್ಮವರು ಕಳೆದುಕೊಂಡಿರುವುದೂ ಅದನ್ನೇ. ಬೆಂಗಳೂರಿನ ಸಂಜೆ 6 ಗಂಟೆ ಎಂದರೆ ಮೆಲ್ಬರ್ನಿನ ಬೇಸಿಗೆಯಲ್ಲಿ ರಾತ್ರಿ 11:30. ಆ ಹೊತ್ತಿನಲ್ಲಿ ಕಚೇರಿಯ ಕರೆ ಮುಗಿಸಿ, ಬೆಳಿಗ್ಗೆ 5 ಗಂಟೆಯ ಜಿಮ್ಮಿಗೆ ಓಡುವವರು ಟಾರ್ನೀಟ್, ಪಾಯಿಂಟ್ ಕುಕ್, ವಿಂಡಮ್ ವೇಲ್ ಕಡೆ ಬೇಕಾದಷ್ಟು ಜನ. ರಾತ್ರಿ ಪಾಳಿಯ ಗೋದಾಮಿನ ಕೆಲಸ, ಟ್ಯಾಕ್ಸಿ, ಆಸ್ಪತ್ರೆಯ ಡ್ಯೂಟಿ ಮಾಡುವವರೂ ಇದ್ದಾರೆ. 2020ರಲ್ಲಿ ನಿಕೊಲಸ್ ಸೇನರ್ ಮತ್ತು ಜೊತೆಗಾರರು ಇದೇ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ 24 ಆರೋಗ್ಯವಂತ ಯುವಕರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಐದು ರಾತ್ರಿ ಎಂಟೆಂಟು ಗಂಟೆ ಹಾಸಿಗೆ, ಇನ್ನೊಂದಕ್ಕೆ ನಾಲ್ಕೇ ಗಂಟೆ, ಮತ್ತೊಂದಕ್ಕೆ ನಾಲ್ಕು ಗಂಟೆ ಹಾಸಿಗೆಯ ಜೊತೆ ಬಿರುಸಿನ ವ್ಯಾಯಾಮ. ನಿದ್ದೆಗೆಟ್ಟವರ ಸ್ನಾಯುವಿನಲ್ಲಿ ಹೊಸ ಪ್ರೋಟೀನು ಕಟ್ಟುವ ವೇಗ ಐದೇ ರಾತ್ರಿಗಳಲ್ಲಿ ತಗ್ಗಿತ್ತು. ವ್ಯಾಯಾಮ ಮಾಡಿದವರಲ್ಲಿ ಅದು ತಗ್ಗಲಿಲ್ಲ. ಒಳ್ಳೆಯ ಸುದ್ದಿ, ನಿಜ. ಪಾಳಿ ಕೆಲಸ ತಪ್ಪಿಸಲಾಗದವರಿಗೆ ಇದು ಆಸರೆ. ಆದರೆ ಇವರು ಆರೋಗ್ಯವಂತ ಯುವಕರು, ಐದು ರಾತ್ರಿಗಳ ಮಾತು. ನಲವತ್ತೈದು ದಾಟಿದ, ರಕ್ತದೊತ್ತಡದ ಮಾತ್ರೆ ನುಂಗುವ ಮನುಷ್ಯ ವರ್ಷಗಟ್ಟಲೆ ನಿದ್ದೆ ಕದ್ದು ವ್ಯಾಯಾಮಕ್ಕೆ ಕೊಡಬಹುದು ಎಂದು ಇದರಿಂದ ಯಾರೂ ತೀರ್ಮಾನಿಸಬಾರದು.

ಊಟದ ಮಾತು ಚುಟುಕಾಗಿ ಹೇಳುತ್ತೇನೆ. ಬಿರುಸಿನ ವ್ಯಾಯಾಮದ ನಂತರ ಬರಿದಾದ ಗ್ಲೈಕೊಜೆನ್ ತುಂಬಲು ಸುಮಾರು ಒಂದು ದಿನ ಬೇಕು, ಅದಕ್ಕೆ ಅನ್ನವೋ ಮುದ್ದೆಯೋ ಚಪಾತಿಯೋ ಬೇಕು. ಸಂಜೆ ಬಿರುಸಾಗಿ ಆಡಿ ರಾತ್ರಿ ಊಟ ಬಿಡುವವರು ಮರುದಿನದ ದಣಿವನ್ನು ಕೈಯಾರೆ ಕರೆದಂತೆ. ಜೊತೆಗೆ 20ರಿಂದ 30 ಗ್ರಾಂ ಪ್ರೋಟೀನು. ಒಂದು ಬಟ್ಟಲು ತಿಳಿಸಾರಿನಲ್ಲಿ ಅಷ್ಟು ಇರುವುದಿಲ್ಲ. ಗಟ್ಟಿ ಬೇಳೆ, ಕಾಳಿನ ಉಸಲಿ, ಮೊಸರು, ಪನೀರು, ಮೊಟ್ಟೆ, ಮೀನು, ಯಾರ ಮನೆಯ ರೂಢಿ ಏನಿದೆಯೋ ಅದು. ಸಸ್ಯಾಹಾರಿಗಳಿಗೆ ಇನ್ನೊಂದು ಸಂಗತಿ. ಕ್ರಿಯಾಟಿನ್ ನಮಗೆ ಆಹಾರದಿಂದ ಸಿಗುವುದು ಮುಖ್ಯವಾಗಿ ಮಾಂಸ ಮತ್ತು ಮೀನಿನಿಂದ, ಉಳಿದದ್ದನ್ನು ದೇಹವೇ ತಯಾರಿಸುತ್ತದೆ. ಹಾಗಾಗಿ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಅದರ ಸಂಗ್ರಹ ಸಾಮಾನ್ಯವಾಗಿ ಕಡಿಮೆ. ರೋಜರ್ ಹ್ಯಾರಿಸ್ ಮತ್ತು ಜೊತೆಗಾರರು 1992ರಲ್ಲಿ ತೋರಿಸಿದಂತೆ ಕ್ರಿಯಾಟಿನ್ ಪುಡಿ ಸೇವಿಸಿದಾಗ ಸ್ನಾಯುವಿನ ಸಂಗ್ರಹ ಏರುತ್ತದೆ, ಮೊದಲೇ ಕಡಿಮೆ ಇದ್ದವರಲ್ಲಿ ಹೆಚ್ಚು ಏರುತ್ತದೆ. ಅಂಗಡಿಯ ಕಪಾಟಿನಲ್ಲಿರುವ ನೂರಾರು ಡಬ್ಬಿಗಳ ಪೈಕಿ ಗಟ್ಟಿ ಪುರಾವೆ ಇರುವ ಕೆಲವೇ ಪುಡಿಗಳಲ್ಲಿ ಇದೊಂದು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಸಕ್ಕರೆ ಕಾಯಿಲೆ ಇರುವವರಿಗೆ ನಾನು ಒಂದು ಮಾತು ಒತ್ತಿ ಹೇಳಬೇಕು, ಏಕೆಂದರೆ ನಮ್ಮ ಜನರಲ್ಲಿ ಅದು ಬೇಗ ಬರುತ್ತದೆ, ಮೈ ಅಷ್ಟೇನೂ ದಪ್ಪವಿಲ್ಲದಿದ್ದರೂ ಬರುತ್ತದೆ. ದುಡಿಯುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆ ಇಲ್ಲದೆಯೇ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ವ್ಯಾಯಾಮ ಮುಗಿದ ಮೇಲೂ ಒಂದೆರಡು ದಿನ ಇನ್ಸುಲಿನ್ನಿನ ಮಾತನ್ನು ಸ್ನಾಯು ಚೆನ್ನಾಗಿ ಕೇಳುತ್ತದೆ. ಆದರೆ ಬಿರುಸಿನ ಓಟ ಮುಗಿಸಿದ ಕೂಡಲೆ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಏರಿರುವುದುಂಟು. ಗಾಬರಿ ಬೇಡ. ಅಡ್ರಿನಲಿನ್ ಚಿಮ್ಮಿ ಯಕೃತ್ತಿನಿಂದ ಸಕ್ಕರೆ ಹೊರಬಿಡಿಸಿರುತ್ತದೆ, ಅದು ತಾತ್ಕಾಲಿಕ. ಹೆಚ್ಚು ಎಚ್ಚರ ಬೇಕಾದದ್ದು ಆ ರಾತ್ರಿ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಲ್ಲಿ ಗಂಟೆಗಳ ನಂತರ ಸಕ್ಕರೆ ತೀರಾ ಕೆಳಗೆ ಇಳಿಯಬಹುದು. ಹೊಸದಾಗಿ ಶುರುಮಾಡುವ ಮುನ್ನ ನಿಮ್ಮ ಜಿಪಿಯ ಬಳಿ ಮಾತ್ರೆಯ ಅಳತೆ ಕುರಿತು ಮಾತನಾಡಿ.

ಇನ್ನೊಂದು ಅಪಾಯವನ್ನು ಹೇಳದೆ ಇರಲಾರೆ. ವರ್ಷಗಟ್ಟಲೆ ಕುರ್ಚಿಯಲ್ಲಿ ಕುಳಿತವರು ಸಂಘದ ಕ್ರೀಡಾದಿನವೆಂದು ಒಂದೇ ದಿನ ಹಗ್ಗಜಗ್ಗಾಟ, ಓಟ, ಕಬಡ್ಡಿ ಎಲ್ಲಕ್ಕೂ ಇಳಿದುಬಿಡುತ್ತಾರೆ. ಜನವರಿಯಲ್ಲಿ ಮೆಲ್ಬರ್ನಿನ ಬಿಸಿಲು 40 ಡಿಗ್ರಿ ಮುಟ್ಟುವ ದಿನಗಳೂ ಇವೆ. ಅಭ್ಯಾಸವಿಲ್ಲದ ಸ್ನಾಯುವನ್ನು ಅತಿಯಾಗಿ ದುಡಿಸಿದರೆ ಅದರ ಎಳೆಗಳು ಒಡೆದು ಒಳಗಿನ ಪ್ರೋಟೀನು ರಕ್ತಕ್ಕೆ ಸೋರಿ ಮೂತ್ರಪಿಂಡವನ್ನು ಕೆಡಿಸಬಹುದು. ಇದು ಅಪರೂಪ, ಆದರೆ ನಿಜ. ಸಾಮಾನ್ಯ ಮೈಕೈ ನೋವಿಗಿಂತ ಮೀರಿದ ನೋವು, ಬಾವು, ಕೈಕಾಲು ಎತ್ತಲಾಗದಂಥ ನಿಶ್ಶಕ್ತಿ, ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗುವುದು, ಇವು ಕಂಡರೆ ನಾಳೆಗೆ ಮುಂದೂಡದೆ ಆಸ್ಪತ್ರೆಗೆ ಹೋಗಬೇಕು. ಆಡುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ ತುರ್ತು ಸಂಖ್ಯೆ 000ಗೆ ಕರೆ ಮಾಡಬೇಕು. ಕ್ರೀಡಾದಿನಕ್ಕೆ ಆರು ವಾರ ಮುಂಚಿನಿಂದ ವಾರಕ್ಕೆ ಎರಡು ಸಲವಾದರೂ ಸ್ವಲ್ಪ ಸ್ವಲ್ಪವೇ ಓಡುತ್ತ ಬಂದರೆ ಈ ಭಯದ ಬಹುಪಾಲು ನೀಗುತ್ತದೆ.

ನಾನು ಹೇಳಿದ ಮೆಲ್ಬರ್ನಿನ ಪ್ರಯೋಗಗಳಲ್ಲಿ ಇದ್ದವರೆಲ್ಲ ಗಂಡಸರು, ಹೆಚ್ಚಿನವರು ಯುವಕರು. ಇದು ಈ ವಿದ್ಯೆಯ ದೊಡ್ಡ ಕೊರತೆ, ಈಗೀಗ ತುಂಬಿಕೊಳ್ಳುತ್ತಿದೆ. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಬೌಚರ್ ಅವರ ಬಳಗ ಹೆಂಗಸರ ಮೇಲೆ ನಡೆಸಿದ 15 ವಾರಗಳ ಅಧ್ಯಯನ 2008ರಲ್ಲಿ ಪ್ರಕಟವಾಯಿತು. 8 ಸೆಕೆಂಡು ಬಿರುಸಾಗಿ, 12 ಸೆಕೆಂಡು ನಿಧಾನವಾಗಿ, ಹೀಗೆ 20 ನಿಮಿಷ ಸೈಕಲ್ ತುಳಿದ ಹೆಂಗಸರಲ್ಲಿ ಮೈಕೊಬ್ಬು ಇಳಿಯಿತು. 40 ನಿಮಿಷದವರೆಗೆ ಒಂದೇ ಸಮನೆ ತುಳಿದವರಲ್ಲಿ ಹಾಗೆ ಇಳಿಯಲಿಲ್ಲ. ಬಿಡುವನ್ನು ಸೆಕೆಂಡುಗಳಲ್ಲಿ ಹೆಣೆದ ವ್ಯಾಯಾಮ ಇದು.

ವಯಸ್ಸಾದವರ ಬಗ್ಗೆ ಸಿಡ್ನಿಯಿಂದಲೇ ಬಂದ ಇನ್ನೊಂದು ಕೆಲಸವಿದೆ. ಸಿಡ್ನಿ ವಿಶ್ವವಿದ್ಯಾಲಯದ ಇಮ್ಯಾನುಯೆಲ್ ಸ್ಟಮಟಾಕಿಸ್ ಮತ್ತು ಸಂಗಡಿಗರು ಬ್ರಿಟನ್ನಿನ 25,241 ಜನರ ಮಾಹಿತಿಯನ್ನು 2022ರಲ್ಲಿ ಪ್ರಕಟಿಸಿದರು. ಇವರಲ್ಲಿ ಯಾರೂ ವ್ಯಾಯಾಮವೆಂದು ಬೇರೆಯಾಗಿ ಮಾಡುತ್ತಿರಲಿಲ್ಲ. ಸರಾಸರಿ ವಯಸ್ಸು ಅರವತ್ತರ ಮೇಲೆ. ಕೈಗೆ ಕಟ್ಟಿದ ಸಾಧನ ಅವರ ಚಲನೆಯನ್ನು ಅಳೆಯುತ್ತಿತ್ತು. ದಿನಕ್ಕೆ ಮೂರು ಸಲ, ಒಂದೊಂದು ಸಲಕ್ಕೂ ಒಂದೆರಡು ನಿಮಿಷ ಏದುಸಿರು ಬರುವಷ್ಟು ಬಿರುಸಾಗಿ ಮೆಟ್ಟಿಲೇರುವುದು, ಭಾರ ಹೊರುವುದು, ಬಸ್ಸಿಗಾಗಿ ಓಡುವುದು, ಇಂಥದ್ದನ್ನು ಮಾಡಿದವರು ಮುಂದಿನ ವರ್ಷಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಹಾಗೇನೂ ಮಾಡದವರಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟೇ ಇತ್ತು. ಇದು ನಂಟನ್ನು ತೋರಿಸುತ್ತದೆ, ಕಾರಣವನ್ನು ಸಾಬೀತು ಮಾಡುವುದಿಲ್ಲ. ಆದರೂ ನಮ್ಮ ಮನೆಗಳಿಗೆ ಇದು ಬೇಕಾದ ಮಾತು. ಊರಿನಿಂದ ಮೊಮ್ಮಕ್ಕಳನ್ನು ನೋಡಲು ಬಂದ ಅಪ್ಪ ಅಮ್ಮನಿಗೆ ಜಿಮ್ಮಿನ ಸದಸ್ಯತ್ವ ಬೇಡ. ಬೈಪಾಸ್, ಸ್ಟೆಂಟ್, ಮಂಡಿನೋವು ಇಲ್ಲದವರಾದರೆ, ವೈದ್ಯರ ಒಪ್ಪಿಗೆ ಇದ್ದರೆ, ಮಗುವನ್ನು ಶಾಲೆಗೆ ಬಿಟ್ಟು ಬರುವ ದಾರಿಯಲ್ಲಿ ಒಂದು ಲೈಟುಕಂಬದಿಂದ ಇನ್ನೊಂದಕ್ಕೆ ಬಿರುಸಾಗಿ ನಡೆದು, ಆಮೇಲಿನ ಎರಡು ಕಂಬಗಳ ದೂರ ಉಸಿರು ಸರಿಮಾಡಿಕೊಂಡು, ಮತ್ತೆ ಬಿರುಸಾಗಿ ನಡೆದರೆ ಸಾಕು. ಅವರ ತೊಡೆಯಲ್ಲೂ ಅದೇ ಕ್ರಿಯಾಟಿನ್ ಫಾಸ್ಫೇಟ್, ಅದೇ ಪಂಪುಗಳು ಕೆಲಸ ಮಾಡುತ್ತವೆ. ಚೇತರಿಕೆಗೆ ಹಿಡಿಯುವ ಹೊತ್ತು ಹೆಚ್ಚು, ಅಷ್ಟೇ. ಅವರನ್ನು ಅವಸರ ಮಾಡಬೇಡಿ.